ಕನ್ನಡದಲ್ಲಿ ಕ್ವಿಯರ್ ಪತ್ತೇದಾರಿ, ಪ್ರೇಮ, ಭೂತದ ಕತೆ ಬರೆಯುವವರಿಗೆ: ಮುಂಬೈಯಿಂದ ಒಂದು ಮಾರ್ಗದರ್ಶಿ

ಮುಂಬೈ, ಠಾಣೆ, ಪುಣೆಯ ಕನ್ನಡಿಗರಿಂದ ನನಗೆ ಬರುವ ಪತ್ರಗಳಲ್ಲಿ ಊರು ಬೇರೆಯಾದರೂ ಪ್ರಶ್ನೆ ಒಂದೇ. ‘ನನ್ನ ಕತೆಯ ಪತ್ತೇದಾರ ಗಂಡಸನ್ನು ಪ್ರೀತಿಸುವ ಗಂಡಸು. ಅರ್ಧ ಬರೆದು ನಿಲ್ಲಿಸಿದ್ದೇನೆ. ಇದನ್ನು ಯಾರು ಅಚ್ಚು ಹಾಕುತ್ತಾರೆ? ನನ್ನ ಹೆಸರನ್ನೇ ಹಾಕಬೇಕೇ? ಮನೆಯವರಿಗೆ ತಿಳಿದರೆ ಏನು ಗತಿ?’ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುತ್ತಿದ್ದುದನ್ನು ಇಲ್ಲಿ ಒಟ್ಟಿಗೆ, ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಕ್ರಮ ಮುಖ್ಯ. ಹೆಚ್ಚಿನವರು ಕತೆ ಮುಗಿಸಿ, ಅಚ್ಚಿಗೆ ಕೊಟ್ಟು, ಆಮೇಲೆ ಹೆಸರು ಮತ್ತು ಹಕ್ಕಿನ ಬಗ್ಗೆ ಯೋಚಿಸುತ್ತಾರೆ. ಆಗ ಎರಡೂ ಕೈಬಿಟ್ಟು ಹೋಗಿರುತ್ತವೆ.

ಎರಡು ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ. ಸಲಿಂಗಪ್ರೇಮಿಗಳು, ದ್ವಿಲಿಂಗಪ್ರೇಮಿಗಳು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರನ್ನೂ ಸೇರಿಸಿ ಕ್ವಿಯರ್ ಎನ್ನುತ್ತೇನೆ. ಪ್ರಕಾರ ಸಾಹಿತ್ಯ ಎಂದಾಗ ಪತ್ತೇದಾರಿ, ರೋಚಕ, ಪ್ರೇಮ, ಭೂತ, ವೈಜ್ಞಾನಿಕ ಕತೆಗಳು ನನ್ನ ಮನಸ್ಸಿನಲ್ಲಿವೆ. ಓದುಗ ಇಂತಿಂಥದ್ದು ಸಿಗುತ್ತದೆ ಎಂಬ ನಿರೀಕ್ಷೆ ಇಟ್ಟುಕೊಂಡೇ ಕೈಗೆತ್ತಿಕೊಳ್ಳುವ ಬರವಣಿಗೆ ಇದು. ಬರೆಯುವವರು ಸ್ವತಃ ಕ್ವಿಯರ್ ಆಗಿರಬೇಕೆಂದೇನಿಲ್ಲ. ಆಗಿದ್ದರೆ ಅದನ್ನು ಯಾರಿಗೂ ರುಜುವಾತುಪಡಿಸಬೇಕಾಗಿಯೂ ಇಲ್ಲ.

ಬೇಕಾಗುವ ಸಾಮಗ್ರಿ

ಯೂನಿಕೋಡ್‌ನಲ್ಲಿ ಕನ್ನಡ ಟೈಪ್ ಮಾಡುವ ಅಭ್ಯಾಸ. ಬರವಣಿಗೆಗೆಂದೇ ಒಂದು ಇಮೇಲ್, ಒಂದು ಮೊಬೈಲ್ ಸಂಖ್ಯೆ. ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ. ಮುಖ ನೋಡದೆ ತಪ್ಪು ಹೇಳುವ ಇಬ್ಬರು ಓದುಗರು. ಮತ್ತು ಈಗಿರುವ ಉದ್ಯೋಗ. ಅದನ್ನು ಬಿಡಬೇಡಿ. ಬೆಲೆ 200 ರೂಪಾಯಿ, ರಾಯಧನ ಶೇಕಡಾ 10 ಎಂದಿಟ್ಟುಕೊಳ್ಳಿ. 500 ಪ್ರತಿ ಪೂರ್ತಿ ಮಾರಾಟವಾದರೆ ನಿಮ್ಮ ಕೈಗೆ ಬರುವುದು 10,000 ರೂಪಾಯಿ. ಡೊಂಬಿವಿಲಿಯಲ್ಲಿ ಒಂದು ತಿಂಗಳ ಮನೆ ಬಾಡಿಗೆಗೂ ಅದು ಸಾಲದು.

1. ಮೊದಲ ಸಾಲಿಗೂ ಮೊದಲು ಹೆಸರು

ನಿಜ ಹೆಸರಿನಲ್ಲಿ ಬರೆಯುತ್ತೀರೋ ಕಾವ್ಯನಾಮದಲ್ಲೋ ಎಂಬುದನ್ನು ಇಂದೇ ತೀರ್ಮಾನಿಸಿ. ಕಾವ್ಯನಾಮದಿಂದ ನಿಜ ಹೆಸರಿಗೆ ಯಾವಾಗ ಬೇಕಾದರೂ ಬರಬಹುದು. ನಿಜ ಹೆಸರಿನಲ್ಲಿ ಒಮ್ಮೆ ಅಚ್ಚಾದ ಮೇಲೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ಅನುಮಾನವಿದ್ದರೆ ಕಾವ್ಯನಾಮದಿಂದಲೇ ಶುರು ಮಾಡಿ. ಇದರಲ್ಲಿ ಹೇಡಿತನವೇನೂ ಇಲ್ಲ. ಹಂಗಿನ ಮನೆಯಲ್ಲಿರುವವರಿಗೆ, ತಂಗಿಯ ಮದುವೆ ಬಾಕಿಯಿರುವವರಿಗೆ, ಸಣ್ಣ ಊರಿನಲ್ಲಿ ತಾಯಿಯೊಬ್ಬರನ್ನೇ ಬಿಟ್ಟು ಬಂದವರಿಗೆ ಧೈರ್ಯದ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ ಎಂದು ನಾನು ನಂಬಿದ್ದೇನೆ.

ಮುಂಬೈ ಕನ್ನಡಿಗರ ಮಟ್ಟಿಗೆ ಒಂದು ವಿಶೇಷ ಎಚ್ಚರ ಬೇಕು. ನಗರ ದೊಡ್ಡದು, ನಮ್ಮ ವಲಯ ಚಿಕ್ಕದು. ‘ಊರು ಯಾವುದು, ಮನೆತನ ಯಾವುದು, ಯಾವ ಹೋಟೆಲು’ ಎಂಬ ಮೂರು ಪ್ರಶ್ನೆಗಳಲ್ಲಿ ನಿಮ್ಮ ಸೋದರಮಾವನ ತನಕ ತಲುಪಿಬಿಡುವ ಹಿರಿಯರು ಪ್ರತಿ ಸಮಾರಂಭದಲ್ಲೂ ಇರುತ್ತಾರೆ. ಪುಸ್ತಕ ಬಿಡುಗಡೆಗೆ ಬಂದವರೇ ಮದುವೆಯ ಊಟಕ್ಕೂ, ಯಕ್ಷಗಾನಕ್ಕೂ ಬರುತ್ತಾರೆ. ಹಾಗಾಗಿ ಕಾವ್ಯನಾಮದಲ್ಲಿ ಊರ ಹೆಸರು, ಮನೆತನದ ಹೆಸರು, ನಿಮ್ಮ ಇನಿಷಿಯಲ್ ಇಟ್ಟುಕೊಳ್ಳಬೇಡಿ. ಲೇಖಕ ಪರಿಚಯದಲ್ಲಿ ‘ಕುಂದಾಪುರದ ಬಳಿಯವರು, ಘಾಟ್‌ಕೋಪರ್‌ನಲ್ಲಿ ಬ್ಯಾಂಕ್ ಉದ್ಯೋಗಿ’ ಎಂದು ಬರೆದರೆ ಕಾವ್ಯನಾಮ ಇದ್ದೂ ಇಲ್ಲದಂತೆ. ‘ಮುಂಬೈ ವಾಸಿ’ ಎಂದಷ್ಟೇ ಸಾಕು.

2. ಹೆಸರು ಸೋರುವ ಜಾಗಗಳನ್ನು ಮುಚ್ಚಿ

ಯಾರೋ ಚಾಡಿ ಹೇಳಿ ಗುಟ್ಟು ರಟ್ಟಾಗುವುದು ಅಪರೂಪ. ಹೆಚ್ಚಿನ ಸಲ ಯಂತ್ರಗಳೇ ಹೇಳಿಬಿಡುತ್ತವೆ.

ನೀವು ಕಳಿಸುವ ವರ್ಡ್ ಕಡತದ ವಿವರಗಳಲ್ಲಿ ಕಂಪ್ಯೂಟರಿನ ಮಾಲೀಕನ ಹೆಸರು ಲೇಖಕನ ಜಾಗದಲ್ಲಿ ಕುಳಿತಿರುತ್ತದೆ. ತಿದ್ದುಪಡಿಯ ಟಿಪ್ಪಣಿಗಳಲ್ಲಿಯೂ ಅದೇ ಹೆಸರು ಬರುತ್ತದೆ. ಕಳಿಸುವ ಮೊದಲು ಅಳಿಸಿ, ಪಿಡಿಎಫ್ ಮಾಡಿದ ಮೇಲೂ ಒಮ್ಮೆ ನೋಡಿ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಕತೆ ಬರೆಯಲೇಬೇಡಿ.

ಯುಪಿಐ ಮೂಲಕ ಯಾರಾದರೂ ನಿಮಗೆ ಪುಸ್ತಕದ ಹಣ ಕಳಿಸಿದರೆ ಅವರ ಪರದೆಯ ಮೇಲೆ ಬ್ಯಾಂಕಿನಲ್ಲಿರುವ ನಿಮ್ಮ ಪೂರ್ಣ ಹೆಸರು ಮೂಡುತ್ತದೆ. ಕಾವ್ಯನಾಮದವರು ಪುಸ್ತಕವನ್ನು ನೇರವಾಗಿ ಮಾರದೆ ಅಂಗಡಿ ಅಥವಾ ಪ್ರಕಾಶಕರ ಮೂಲಕವೇ ಮಾರುವುದು ಕ್ಷೇಮ. ನೇರವಾಗಿಯೇ ಮಾರುವುದಾದರೆ ಪ್ರಕಾಶನದ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಿರಿ. ಅದಕ್ಕೆ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಇಲ್ಲಿನವರು ‘ಗುಮಾಸ್ತಾ’ ಎಂದು ಕರೆಯುವ ಅಂಗಡಿ ಕಾಯ್ದೆಯ ದಾಖಲೆ ಮುಂತಾದವನ್ನು ಬ್ಯಾಂಕಿನವರು ಕೇಳುತ್ತಾರೆ.

ಸಾಮಾಜಿಕ ಜಾಲತಾಣಗಳು ಮೊಬೈಲಿನ ಸಂಪರ್ಕ ಪಟ್ಟಿಯನ್ನು ಓದಿ ‘ನಿಮಗೆ ಗೊತ್ತಿರಬಹುದಾದವರು’ ಎಂದು ನಿಮ್ಮ ಲೇಖಕ ಖಾತೆಯನ್ನು ಚಿಕ್ಕಪ್ಪನಿಗೆ ತೋರಿಸುತ್ತವೆ. ಆ ಖಾತೆಯನ್ನು ಬೇರೆ ಸಂಖ್ಯೆ, ಬೇರೆ ಇಮೇಲ್‌ನಿಂದ ತೆರೆಯಿರಿ; ಸಂಪರ್ಕ ಪಟ್ಟಿ ಓದುವ ಅನುಮತಿ ಕೊಡಬೇಡಿ. ಕೊರಿಯರ್ ಚೀಟಿಯ ಮೇಲಿನ ‘ಕಳುಹಿಸಿದವರು’ ಜಾಗವೂ ಅಪಾಯಕಾರಿ. ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಸಿಗುತ್ತದೆ, ಆ ಸಂಖ್ಯೆಯನ್ನೇ ವಿಳಾಸವಾಗಿ ಬಳಸಿ. ಇನ್ನು, ಧ್ವನಿಯಲ್ಲಿ ಕತೆ ಓದಿ ಹಾಕುವ ಆಸೆ ಇದ್ದರೆ ಬೇರೆಯವರಿಂದ ಓದಿಸಿ. ಪರಿಚಿತರಿಗೆ ದನಿ ಸಾಕು.

3. ಪ್ರಕಾರದ ಭರವಸೆಯನ್ನು ಮುರಿಯಬೇಡಿ

ಈ ಹಂತವೇ ಎಲ್ಲಕ್ಕಿಂತ ದೊಡ್ಡದು. ನಿಮ್ಮ ಪಾತ್ರ ಕ್ವಿಯರ್ ಆಗಿರುವುದು ಕತೆಗೆ ರಿಯಾಯಿತಿ ತಂದುಕೊಡುವುದಿಲ್ಲ. ಪತ್ತೇದಾರಿ ಎಂದರೆ ಸುಳಿವುಗಳು ಓದುಗನ ಕಣ್ಣೆದುರೇ ಇರಬೇಕು, ಅಪರಾಧ ಬಗೆಹರಿಯಬೇಕು. ಪ್ರೇಮಕತೆಯಲ್ಲಿ ಕೊನೆಗೆ ಇಬ್ಬರೂ ಜೊತೆಗಿರಬೇಕು ಅಥವಾ ಜೊತೆಯಾಗುವ ಭರವಸೆಯಾದರೂ ಉಳಿಯಬೇಕು. ದುಃಖಾಂತವೇ ನಿಮಗೆ ಬೇಕಿದ್ದರೆ ಧಾರಾಳವಾಗಿ ಬರೆಯಿರಿ, ಆದರೆ ಮುಖಪುಟದಲ್ಲಿ ಪ್ರೇಮಕತೆ ಎಂದು ಹೇಳಿ ಮಾರಬೇಡಿ. ಇಬ್ಬರು ಹೆಂಗಸರು ಪ್ರೀತಿಸಿದರೆ ಒಬ್ಬಳು ಸಾಯಲೇಬೇಕು ಎಂಬ ಹಳೆಯ ಅಭ್ಯಾಸದಿಂದ ಓದುಗರು ಬೇಸತ್ತಿದ್ದಾರೆ. ಸುಖಾಂತವನ್ನು ಹುಡುಕಿಕೊಂಡು ಬರುವ ಓದುಗರಿಗೆ ಅದನ್ನು ಕೊಡುವುದು ನಮ್ಮ ಕೆಲಸದ ಬಹು ಮುಖ್ಯ ಭಾಗ.

ಕರಡುಗಳಲ್ಲಿ ನಾನು ಪದೇಪದೇ ಕಾಣುವ ದೋಷಗಳು ಇವು. ಕೊನೆಯ ಅಧ್ಯಾಯದಲ್ಲಿ ‘ಕೊಲೆಗಾರ ಸಲಿಂಗಪ್ರೇಮಿ’ ಎಂಬುದೇ ರಹಸ್ಯದ ಉತ್ತರವಾಗುವುದು. ಇದು ಅನ್ಯಾಯ, ಜೊತೆಗೆ ಕಳಪೆ ಕಥನ. ಒಬ್ಬನ ಪ್ರೀತಿ ಕೊಲೆಯ ಕಾರಣವನ್ನು ವಿವರಿಸುವುದಿಲ್ಲ. ಇನ್ನೊಂದು, ಪಾತ್ರಗಳು ಎರಡು ಪುಟ ತಮ್ಮ ಅಸ್ಮಿತೆಯ ಬಗ್ಗೆ ಭಾಷಣ ಮಾಡುವುದು, ಅಷ್ಟು ಹೊತ್ತು ಹೆಣ ಕೋಣೆಯಲ್ಲಿ ಹಾಗೆಯೇ ಬಿದ್ದಿರುವುದು. ಭೂತದ ಕತೆಗಳಲ್ಲಿ ಕ್ವಿಯರ್ ಪಾತ್ರವನ್ನೇ ಶಾಪವಾಗಿಸುವುದೂ ಉಂಟು. ತುಳುನಾಡಿನ ದೈವಗಳನ್ನು ಹೆದರಿಸುವ ವೇಷಗಳಂತೆ ಬಳಸಿಕೊಳ್ಳುವವರೂ ಇದ್ದಾರೆ. ಅವು ಜನ ಇಂದಿಗೂ ನಂಬಿ ನಡೆಯುವ ಆರಾಧನೆ, ನಿಮ್ಮ ಪಿಶಾಚಿಗೆ ಬೇರೆ ಮೂಲ ಹುಡುಕಿ. ಹಾಗೆಯೇ ಯಲ್ಲಮ್ಮನ ಪರಂಪರೆಯ ಜೋಗಪ್ಪರನ್ನೂ ಮುಂಬೈಯ ಹಿಜ್ರಾ ಸಮುದಾಯದವರನ್ನೂ ಒಂದೇ ಎಂಬಂತೆ ಬರೆಯಬೇಡಿ. ಗುರು-ಚೇಲಾ ಸಂಬಂಧ, ಆಚರಣೆ, ದುಡಿಮೆ ಎಲ್ಲವೂ ಬೇರೆ.

ಹಾಗಾದರೆ ಕ್ವಿಯರ್ ಬದುಕು ಕತೆಯಲ್ಲಿ ಎಲ್ಲಿ ಬರಬೇಕು? ಸಂದರ್ಭದ ಒತ್ತಡದಲ್ಲಿ. ಒಂದು ಉದಾಹರಣೆ. ಠಾಕುರ್ಲಿ ಮತ್ತು ಡೊಂಬಿವಿಲಿಯ ನಡುವೆ ಹಳಿಯ ಮೇಲೆ ಒಬ್ಬನ ಶವ ಸಿಗುತ್ತದೆ. ಪೊಲೀಸರು ಆಕಸ್ಮಿಕ ಸಾವು ಎಂದು ಬರೆದುಕೊಳ್ಳುತ್ತಾರೆ. ಅವನೊಡನೆ ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದ ಗೆಳೆಯನಿಗೆ ಮಾತ್ರ ಗೊತ್ತು, ಸತ್ತವನು ಹಳಿ ದಾಟುವ ಜಾತಿಯಲ್ಲ, ಮೇಲುಸೇತುವೆ ಬಿಟ್ಟು ಇಳಿದವನೇ ಅಲ್ಲ ಎಂದು. ಆದರೆ ಶವ ಪಡೆಯಲು ಬಂದವರು ಊರಿನ ಅಣ್ಣಂದಿರು, ಈ ಗೆಳೆಯ ದಾಖಲೆಯಲ್ಲಿ ಬರೀ ‘ರೂಮ್‌ಮೇಟ್’. ಅವನು ತನಿಖೆ ಕೇಳಬೇಕಾದರೆ ತಾನು ಯಾರೆಂದು ಹೇಳಬೇಕು. ಭಾಷಣವಿಲ್ಲದೆ ಕತೆ ಓಡಲು ಇಷ್ಟು ಸಾಕು.

4. ಕತೆ ಯಾವ ವರ್ಷದಲ್ಲಿ ನಡೆಯುತ್ತದೆ?

ಹಸ್ತಪ್ರತಿಯ ಮೊದಲ ಪುಟದ ಮೇಲೆ ವರ್ಷ ಬರೆದುಕೊಳ್ಳಿ. ಕಾನೂನು ಬದಲಾದಂತೆ ನಿಮ್ಮ ಕಥಾನಕವೂ ಬದಲಾಗುತ್ತದೆ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮು ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸದು ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಸಂಬಂಧಗಳನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. 2014ರ ಏಪ್ರಿಲ್ 15ರ ತೀರ್ಪು ಲಿಂಗತ್ವ ಅಲ್ಪಸಂಖ್ಯಾತರಿಗೆ ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಒಪ್ಪಿತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟ್ ನಿರಾಕರಿಸಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ರಂಥ ಕಲಮೇ ಇಲ್ಲ.

ಇದರಿಂದ ಏನಾಗುತ್ತದೆ? ನಿಮ್ಮ ಕತೆಯಲ್ಲಿ ಬ್ಲ್ಯಾಕ್‌ಮೇಲ್ ಇದೆ ಎನ್ನಿ. ಅದು 2015ರ ಕತೆಯಾದರೆ ದೂರು ಕೊಡಲು ಹೋದವನೇ ಆರೋಪಿಯಾಗುವ ಭಯ ಇರುತ್ತದೆ. ಅದೇ 2024ರಲ್ಲಾದರೆ ಕಾನೂನು ಅವನ ಕಡೆಗಿದೆ, ಭಯ ಉಳಿದಿರುವುದು ಮನೆಯವರದು ಮತ್ತು ಕಚೇರಿಯದು. ಎರಡಕ್ಕೂ ಒಂದೇ ಸಂಭಾಷಣೆ ಹೊಂದುವುದಿಲ್ಲ. ಕೊಲೆಗೆ ಆಸ್ತಿ ಕಾರಣವಾಗಿದ್ದರೆ ಇನ್ನೂ ಎಚ್ಚರ ಬೇಕು. ಸಂಗಾತಿ ಕಾನೂನಿನ ಕಣ್ಣಲ್ಲಿ ವಾರಸುದಾರನಲ್ಲ, ಉಯಿಲು ಇದ್ದರೆ ಮಾತ್ರ ಪಾಲು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಜಾಣ ಪತ್ತೇದಾರನಿಗೆ ನಾಮಿನಿ ಬದಲಾದ ತಾರೀಕು ಒಳ್ಳೆಯ ಸುಳಿವು.

ತೊಂಬತ್ತರ ದಶಕದ ಮುಂಬೈಯನ್ನು ಬರೆಯುವವರು ‘ಬಾಂಬೆ ದೋಸ್ತ್’ ಎಂಬ ಕ್ವಿಯರ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹುಡುಕಿ ಓದಿ. 1990ರಲ್ಲಿ ಶುರುವಾದ ಆ ಪತ್ರಿಕೆಯಿಂದ ಅಂದಿನ ಮಾತಿನ ಧಾಟಿ, ಜನ ಯಾವುದಕ್ಕೆ ಹೆದರುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು ಎಂಬುದು ತಿಳಿಯುತ್ತದೆ. ಮುಂಬೈಯಲ್ಲಿ ಕ್ವಿಯರ್ ಜನರಿಗಾಗಿ 1994ರಿಂದ ಕೆಲಸ ಮಾಡುತ್ತಿರುವ ಹಮ್‌ಸಫರ್ ಟ್ರಸ್ಟ್‌ನಂಥ ಸಂಸ್ಥೆಗಳಿಗೆ ಹೋಗುವುದಾದರೆ ಏನು ಬೇಕೆಂದು ಮೊದಲೇ ಬರೆದು ಸಮಯ ಕೇಳಿ ಹೋಗಿ. ಅಲ್ಲಿಗೆ ನೆರವು ಕೇಳಿಕೊಂಡು ಬಂದ ಜನರ ಬದುಕು ನಿಮ್ಮ ಕಥಾವಸ್ತುವಲ್ಲ.

5. ನಗರದ ವಿವರ ಸರಿಯಿರಲಿ

ಕರ್ನಾಟಕದ ಪೊಲೀಸ್ ವ್ಯವಸ್ಥೆಯನ್ನು ಮುಂಬೈಗೆ ತಂದು ಹಾಕುವ ಕರಡುಗಳು ಬಹಳ. ಇಲ್ಲಿ ಪಿಎಸ್‌ಐ ಮತ್ತು ಇನ್‌ಸ್ಪೆಕ್ಟರ್ ನಡುವೆ ಸಹಾಯಕ ಪೊಲೀಸ್ ಇನ್‌ಸ್ಪೆಕ್ಟರ್, ಅಂದರೆ ಎಪಿಐ ಎಂಬ ಹುದ್ದೆಯಿದೆ. ಡೊಂಬಿವಿಲಿ, ಕಲ್ಯಾಣ ಠಾಣೆ ಕಮಿಷನರೇಟ್‌ಗೆ ಸೇರಿದವು, ಮುಂಬೈ ಪೊಲೀಸರಿಗಲ್ಲ. ಮೀರಾ ರೋಡ್, ನಾಲಾಸೋಪಾರಾ, ವಿರಾರ್‌ಗೆ 2020ರಿಂದ ಪ್ರತ್ಯೇಕ ಕಮಿಷನರೇಟ್ ಇದೆ. ರೈಲು ಹಳಿಯ ಮೇಲಿನ ಸಾವನ್ನು ನೋಡುವವರು ಸರ್ಕಾರಿ ರೈಲ್ವೆ ಪೊಲೀಸರು, ಮರಾಠಿಯಲ್ಲಿ ಲೋಹಮಾರ್ಗ ಪೊಲೀಸರು. ಕೇಂದ್ರದ ರೈಲ್ವೆ ರಕ್ಷಣಾ ದಳ ಬೇರೆಯೇ. ಈ ಇಬ್ಬರ ಮತ್ತು ಸ್ಥಳೀಯ ಠಾಣೆಯ ನಡುವೆ ಕಡತ ಅಲೆಯುವುದರಲ್ಲಿಯೇ ಒಂದು ಅಧ್ಯಾಯ ಬರೆಯಬಹುದು.

ಭಾಷೆಯ ವಿಷಯ. ನಮ್ಮ ಪಾತ್ರಗಳು ಮನೆಯಲ್ಲಿ ತುಳು ಅಥವಾ ಕೊಂಕಣಿ, ಠಾಣೆಯಲ್ಲಿ ಮರಾಠಿ, ಟ್ಯಾಕ್ಸಿಯಲ್ಲಿ ಹಿಂದಿ ಆಡುತ್ತವೆ. ಒಂದೆರಡು ಪದ, ಒಂದು ಸಂಬೋಧನೆ ಆ ಭಾಷೆಯಲ್ಲೇ ಇರಲಿ, ಉಳಿದದ್ದು ಕನ್ನಡದಲ್ಲಿ. ಅಡಿಟಿಪ್ಪಣಿ ಹಾಕಬೇಕಾಗಿ ಬಂದರೆ ಸಾಲನ್ನೇ ಬದಲಿಸಿ.

6. ಓದಿಸಿ, ತಿದ್ದಿ

ಇಬ್ಬರಿಗೆ ಕೊಡಿ. ಒಬ್ಬರು ಆ ಪ್ರಕಾರವನ್ನು ಚೆನ್ನಾಗಿ ಓದಿಕೊಂಡವರಾಗಿರಲಿ, ಕೊಲೆಗಾರ ಯಾರೆಂದು ಯಾವ ಪುಟದಲ್ಲಿ ಗೊತ್ತಾಯಿತು ಎಂದು ಬರೆದುಕೊಳ್ಳಲು ಹೇಳಿ. ಇನ್ನೊಬ್ಬರು ನೀವು ಬರೆಯುತ್ತಿರುವ ಬದುಕನ್ನು ಬದುಕಿದವರಾಗಿರಲಿ. ನೀವು ಸಲಿಂಗಪ್ರೇಮಿ ಗಂಡಸಾಗಿದ್ದು ಟ್ರಾನ್ಸ್ ಮಹಿಳೆಯ ಪಾತ್ರ ಬರೆದಿದ್ದರೆ ಈ ಎರಡನೆಯ ಓದು ತಪ್ಪಿಸಲೇಬೇಡಿ. ಅವರ ಸಮಯಕ್ಕೆ ಹಣ ಕೊಡಿ.

ಇದೇ ಹಂತದಲ್ಲಿ ಕಾನೂನಿನ ಕಣ್ಣಿನಿಂದಲೂ ಒಮ್ಮೆ ಓದಿ. ಅಶ್ಲೀಲ ಬರಹದ ಮಾರಾಟ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮಿನಡಿ ಅಪರಾಧ. ಅಂತರ್ಜಾಲದಲ್ಲಿ ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮೂ ಬರುತ್ತದೆ. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿ ಸಾಲನ್ನು ಕಿತ್ತು ನೋಡದೆ, ಒಟ್ಟು ಕೃತಿಯನ್ನು ಸಮಕಾಲೀನ ಸಮಾಜದ ಮಾನದಂಡದಿಂದ ಅಳೆಯಬೇಕು ಎಂದಿದೆ. ಪ್ರಣಯದ ದೃಶ್ಯ ಕತೆಗೆ ಬೇಕಿದ್ದರೆ ನಾಚಿಕೆಯಿಲ್ಲದೆ ಬರೆಯಿರಿ. ಆದರೆ 18 ವರ್ಷದೊಳಗಿನ ಪಾತ್ರಗಳನ್ನು ಅಂಥ ದೃಶ್ಯದ ಹತ್ತಿರಕ್ಕೂ ತರಬೇಡಿ. ಅದರಲ್ಲಿ ಎರಡು ಮಾತಿಲ್ಲ.

ನಿಜ ವ್ಯಕ್ತಿಗಳನ್ನು ಗುರುತು ಸಿಗುವಂತೆ ಬರೆಯುವುದೂ ಬೇಡ. ಮಾನನಷ್ಟದ ಮೊಕದ್ದಮೆಗಿಂತ ದೊಡ್ಡ ಮಾತು, ಒಬ್ಬರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಹೊರಹಾಕುವುದು ಅವರ ಬದುಕನ್ನೇ ಮುರಿಯಬಲ್ಲದು. ಹಳೆಯ ಪ್ರೇಮಿಯ ಮೇಲಿನ ಕೋಪ ತೀರಿಸಿಕೊಳ್ಳಲು ಕಾದಂಬರಿ ಜಾಗವಲ್ಲ.

7. ಎಲ್ಲಿಗೆ ಕಳಿಸಬೇಕು

ಬಿಡಿ ಕತೆಗಳಿಂದ ಶುರು ಮಾಡಿ. ತರಂಗ, ಸುಧಾ, ಮಯೂರ, ತುಷಾರದಂಥ ನಿಯತಕಾಲಿಕೆಗಳು, ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಇವೆ. ಎಲ್ಲರೂ ಅಪ್ರಕಟಿತ ಕತೆಯನ್ನೇ ಕೇಳುತ್ತಾರೆ. ನಿಮ್ಮ ಫೇಸ್‌ಬುಕ್ ಪುಟದಲ್ಲಿ ಹಾಕಿದ್ದೂ ಪ್ರಕಟಣೆಯೇ ಆಗುತ್ತದೆ. ಮುಂಬೈಯ ಜಾತಿ-ಸಮುದಾಯ ಸಂಘಗಳ ಮಾಸಪತ್ರಿಕೆಗಳು ಹೊಸಬರಿಗೆ ಅಕ್ಕರೆಯಿಂದ ಜಾಗ ಕೊಡುತ್ತವೆ. ಕಾವ್ಯನಾಮದಲ್ಲಿ ಇರಬಯಸುವವರು ಮಾತ್ರ ಯೋಚಿಸಿ. ನೀವು ಯಾರ ಕಣ್ಣು ತಪ್ಪಿಸಬೇಕೆಂದಿದ್ದೀರೋ ಅವರೇ ಅದರ ಚಂದಾದಾರರು.

ಸಂಪಾದಕರಿಗೆ ಬರೆಯುವ ಪತ್ರದಲ್ಲಿ ‘ಕತೆಯ ಮುಖ್ಯ ಪಾತ್ರಗಳು ಇಬ್ಬರು ಮಹಿಳೆಯರು, ಸಂಗಾತಿಗಳು’ ಎಂದು ಒಂದೇ ಸಾಲಿನಲ್ಲಿ ತಿಳಿಸಿ. ಕ್ಷಮೆ ಕೇಳುವ ಧಾಟಿ ಬೇಡ, ಸಮಾಜ ಸುಧಾರಣೆಯ ಪೀಠಿಕೆಯೂ ಬೇಡ.

ಕಾದಂಬರಿಗೆ ಪ್ರಕಾಶಕರನ್ನು ಹುಡುಕುವಾಗ ಮೊದಲ ಎರಡು ಅಧ್ಯಾಯ ಮತ್ತು ಒಂದು ಪುಟದ ಕಥಾಸಾರ ಕಳಿಸಿ. ಕಥಾಸಾರದಲ್ಲಿ ಕೊಲೆಗಾರ ಯಾರೆಂದು ಹೇಳಲೇಬೇಕು. ಕುತೂಹಲ ಉಳಿಸಿಕೊಳ್ಳಬೇಕಾದದ್ದು ಓದುಗನಿಗೆ, ಪ್ರಕಾಶಕನಿಗಲ್ಲ. ‘ಇಂಥದ್ದನ್ನು ಕನ್ನಡದಲ್ಲಿ ಓದುವವರಿಲ್ಲ’ ಎಂಬ ಉತ್ತರ ಬಂದರೆ ಕುಗ್ಗಬೇಡಿ. ಸಲಿಂಗಪ್ರೇಮಿ ಗಂಡಸಿನ ಬದುಕನ್ನು ಹೇಳುವ, ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಕನ್ನಡದಲ್ಲೇ ಬಂದು, ಓದುಗರನ್ನು ಗಳಿಸಿ, ಇಂಗ್ಲಿಷಿಗೂ ಹೋಗಿದೆ. ಅದು ಪ್ರಕಾರ ಸಾಹಿತ್ಯವಲ್ಲ ನಿಜ. ಓದುಗರು ಇದ್ದಾರೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಪುಸ್ತಕ ತರಲು ನಿಮ್ಮಿಂದ ಹಣ ಕೇಳುವ, ಅಥವಾ ಇಂತಿಷ್ಟು ಪ್ರತಿ ನೀವೇ ಕೊಳ್ಳಬೇಕೆನ್ನುವ ಕರಾರಿಗೆ ಒಪ್ಪಬೇಡಿ. ಹಣ ಹಾಕುವುದೇ ಆದರೆ ಸ್ವಂತವಾಗಿ ಪ್ರಕಟಿಸುವುದು ಮೇಲು.

8. ಒಪ್ಪಂದವನ್ನು ಸಾಲುಸಾಲಾಗಿ ಓದಿ

ಬಾಯಿಮಾತಿನ ಮೇಲೆ ಪುಸ್ತಕ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಸ್ನೇಹ ಇರಲಿ, ಕಾಗದವೂ ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ನಿಮಗೆ ದೊಡ್ಡ ಆಸರೆ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇದ್ದರೆ ಮಾತ್ರ ಊರ್ಜಿತ. ಅವಧಿ ಬರೆದಿರದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆದಿರದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಹೇಳುತ್ತದೆ. ಪಡೆದ ಹಕ್ಕನ್ನು ಪ್ರಕಾಶಕರು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ.

ಆದ್ದರಿಂದ ‘ಸಕಲ ಹಕ್ಕುಗಳು, ಶಾಶ್ವತವಾಗಿ’ ಎಂಬ ಮಾತು ಕಂಡರೆ ಹೊಡೆದುಹಾಕಿಸಿ. ಕನ್ನಡದ ಮುದ್ರಿತ ಪುಸ್ತಕದ ಹಕ್ಕು ಮಾತ್ರ ಕೊಡಿ. ಇ-ಪುಸ್ತಕ, ಧ್ವನಿ, ಅನುವಾದ, ಸಿನಿಮಾ ಮತ್ತು ವೆಬ್ ಸರಣಿಯ ಹಕ್ಕುಗಳನ್ನು ಒಂದೊಂದಾಗಿ ಹೆಸರಿಸಿ ಉಳಿಸಿಕೊಳ್ಳಿ. ಪ್ರಕಾರ ಸಾಹಿತ್ಯಕ್ಕೆ ಹಣ ಬರುವುದಿದ್ದರೆ ಈ ದಾರಿಗಳಿಂದಲೇ.

ಕಾವ್ಯನಾಮದವರು ಸಹಿ ಮಾಡಬೇಕಾದದ್ದು ನಿಜ ಹೆಸರಿನಲ್ಲಿ. ಪ್ಯಾನ್, ಬ್ಯಾಂಕ್, ತೆರಿಗೆ ಎಲ್ಲ ಅದೇ ಹೆಸರಿಗೆ. ಹಾಗಾಗಿ ಗೋಪ್ಯತೆಯ ಷರತ್ತು ಬೇಕು: ಲೇಖಕರ ನಿಜ ಹೆಸರು, ವಿಳಾಸ, ಛಾಯಾಚಿತ್ರವನ್ನು ಲಿಖಿತ ಒಪ್ಪಿಗೆಯಿಲ್ಲದೆ ಯಾರಿಗೂ ತಿಳಿಸತಕ್ಕದ್ದಲ್ಲ ಎಂದು. ಪ್ರಕಾಶಕರ ಮನೆಯವರು, ಡಿಟಿಪಿ ಮಾಡುವವರು, ಮುಖಪುಟ ಕಲಾವಿದರು ಸಹ ಈ ‘ಯಾರಿಗೂ’ ಎಂಬುದರಲ್ಲಿ ಸೇರುತ್ತಾರೆ ಎಂದು ಬಾಯಿಬಿಟ್ಟು ಹೇಳಿ. ಕಾವ್ಯನಾಮದ ಕೃತಿಗೂ ಕೃತಿಸ್ವಾಮ್ಯ ಇದ್ದೇ ಇದೆ. ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ; ಆ ಅವಧಿಯೊಳಗೆ ಹೆಸರು ಬಹಿರಂಗವಾದರೆ ಲೇಖಕರ ಮರಣಾನಂತರದ 60 ವರ್ಷ. ನೋಂದಣಿ ಕಡ್ಡಾಯವಲ್ಲ. ಮುಂದೆ ವ್ಯಾಜ್ಯ ಬಂದೀತೆಂದು ಅನಿಸಿದರೆ 500 ರೂಪಾಯಿ ಶುಲ್ಕಕ್ಕೆ ನೋಂದಾಯಿಸಬಹುದು.

ಯಾರೂ ಕೇಳದ, ಆದರೆ ನಾನು ಪ್ರತಿಯೊಬ್ಬರಿಗೂ ಹೇಳುವ ವಿಷಯ ಒಂದಿದೆ. ನಿಮ್ಮ ನಂತರ ಈ ಹಕ್ಕು ಯಾರಿಗೆ? ಉಯಿಲು ಇಲ್ಲದಿದ್ದರೆ, ನಿಮ್ಮ ಪುಸ್ತಕವನ್ನು ಮುಟ್ಟಲೂ ಒಪ್ಪದ ಬಂಧುವಿಗೆ ಹೋಗಬಹುದು, ಅವರು ಮರುಮುದ್ರಣವನ್ನೇ ತಡೆಯಬಹುದು. ಸಂಗಾತಿಗೋ ಗೆಳತಿಗೋ ಕೊಡಬೇಕೆಂದಿದ್ದರೆ ಬರೆದಿಡಿ. ಸಾದಾ ಕಾಗದ ಸಾಕು, ಇಬ್ಬರು ಸಾಕ್ಷಿಗಳು ನಿಮ್ಮೆದುರು ಸಹಿ ಮಾಡಬೇಕು, ಹಕ್ಕು ಪಡೆಯುವವರೇ ಸಾಕ್ಷಿಯಾಗಬಾರದು. ನೋಂದಣಿ ಐಚ್ಛಿಕ. ಉಯಿಲಿನಲ್ಲಿ ಕಾವ್ಯನಾಮವನ್ನೂ ಕೃತಿಗಳ ಹೆಸರನ್ನೂ ಸ್ಪಷ್ಟವಾಗಿ ನಮೂದಿಸಿ. ಇಲ್ಲವಾದರೆ ಆ ಪುಸ್ತಕ ನಿಮ್ಮದೇ ಎಂದು ತೋರಿಸುವುದೇ ಅವರಿಗೆ ಕಷ್ಟವಾಗುತ್ತದೆ.

9. ಸ್ವಂತ ಪ್ರಕಟಣೆಯಾದರೆ

ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತಾರಾಷ್ಟ್ರೀಯ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಇದಕ್ಕೆ ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. 1954ರ ಪುಸ್ತಕ ವಿತರಣಾ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಅವುಗಳಲ್ಲಿ ಒಂದು ಮುಂಬೈಯಲ್ಲೇ ಇದೆ.

ಅಕ್ಷರ ಜೋಡಣೆಯಲ್ಲಿ ಎಚ್ಚರ. ನೀವು ಯೂನಿಕೋಡ್‌ನಲ್ಲಿ ಕೊಟ್ಟದ್ದನ್ನು ಅನೇಕ ಡಿಟಿಪಿ ಕೇಂದ್ರಗಳು ನುಡಿ ಅಥವಾ ಪುಣೆಯಲ್ಲಿ ತಯಾರಾದ ಶ್ರೀಲಿಪಿ ತಂತ್ರಾಂಶಕ್ಕೆ ಬದಲಾಯಿಸಿಕೊಳ್ಳುತ್ತವೆ. ಆಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ಉದ್ಧರಣ ಚಿಹ್ನೆ ಮಾಯವಾಗುತ್ತದೆ, ಮರಾಠಿ ಹೆಸರುಗಳು ಒಡೆಯುತ್ತವೆ. ಬದಲಾಯಿಸಿದ ಮೇಲಿನ ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ಪೂರ್ತಿ ಓದಿ. ಪತ್ತೇದಾರಿಯಲ್ಲಿ ಒಂದು ಸಮಯ, ಒಂದು ಮನೆ ಸಂಖ್ಯೆ ತಪ್ಪಾದರೂ ಸುಳಿವು ಸತ್ತಂತೆ.

ಮುದ್ರಣಕ್ಕೆ ಬಂಡವಾಳ ಇಲ್ಲದವರು ಬೇಡಿಕೆ ಬಂದಾಗ ಮುದ್ರಿಸುವ ಪೋತಿಯಂಥ ಸೇವೆಗಳನ್ನು, ಇ-ಪುಸ್ತಕಕ್ಕೆ ಮೈಲ್ಯಾಂಗ್ ಅಥವಾ ಗೂಗಲ್ ಪ್ಲೇ ಬುಕ್ಸ್ ಅನ್ನು ನೋಡಬಹುದು. ಪ್ರತಿಲಿಪಿ ಎಂಬ ಕತೆಗಳ ಜಾಲತಾಣದಲ್ಲಿ ಧಾರಾವಾಹಿಯಾಗಿ ಹಾಕಿದರೆ ಓದುಗರು ಬೇಗ ಸಿಗುತ್ತಾರೆ, ಪ್ರತಿ ಕಂತಿಗೂ ಪ್ರತಿಕ್ರಿಯೆ ಬರುತ್ತದೆ. ಆದರೆ ಪೂರ್ತಿ ಬರೆದು ಮುಗಿಸದ ರಹಸ್ಯ ಕತೆಯನ್ನು ಕಂತುಗಳಲ್ಲಿ ಹಾಕಬೇಡಿ. ಓದುಗರ ಊಹೆಗೆ ಹೆದರಿ ಕೊಲೆಗಾರನನ್ನು ಬದಲಾಯಿಸಿದ ಕತೆಗಳು ಎಲ್ಲಿಯೂ ನಿಲ್ಲುವುದಿಲ್ಲ.

ಬಿಡುಗಡೆಗೆ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಂಥ ಸಭಾಂಗಣಗಳಿವೆ. ಕಾವ್ಯನಾಮದವರು ವೇದಿಕೆಗೆ ಬರಬೇಕಾಗಿಲ್ಲ. ಪುಸ್ತಕದ ಬಗ್ಗೆ ಇಬ್ಬರು ಓದುಗರು ಮಾತಾಡಲಿ, ನೀವು ಬೇಕಿದ್ದರೆ ಸಭಿಕರ ನಡುವೆ ಕುಳಿತಿರಿ. ಅಂದು ಯಾರಿಗೂ ಹಸ್ತಾಕ್ಷರ ಹಾಕಿಕೊಡಬೇಡಿ.

10. ಹಣ ಮತ್ತು ತೆರಿಗೆ

ಚಿಕ್ಕದಾಗಿ ಹೇಳುತ್ತೇನೆ. ವರ್ಷಕ್ಕೊಮ್ಮೆ ಮಾರಾಟದ ಲೆಕ್ಕ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿ. ರಾಯಧನ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಪ್ರಕಾಶಕರು ಶೇಕಡಾ 10 ತೆರಿಗೆ ಮುರಿದುಕೊಂಡು ಕೊಡುತ್ತಾರೆ. ಪ್ರಮಾಣಪತ್ರ ಕೇಳಿ ಪಡೆಯಿರಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಲೇಖಕರ ರಾಯಧನಕ್ಕೆ 3 ಲಕ್ಷ ರೂಪಾಯಿವರೆಗೆ ವಿನಾಯಿತಿ ಇದೆ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು 80ಕ್ಯೂಕ್ಯೂಬಿ ಕಲಮು. ಹೊಸ ಪದ್ಧತಿಯಲ್ಲಿರುವವರಿಗೆ ಸಿಗುವುದಿಲ್ಲ. ಮನೆಯ ಲೆಕ್ಕಪರಿಶೋಧಕರು ಕುಟುಂಬಕ್ಕೆಲ್ಲ ಒಬ್ಬರೇ ಆಗಿದ್ದರೆ, ನಿಮ್ಮ ಲೆಕ್ಕವನ್ನು ಬೇರೆಯವರಿಗೆ ಕೊಡಿ. ರಾಯಧನದ ಸಾಲನ್ನು ನೋಡಿ ಅಪ್ಪನಿಗೆ ಅಭಿನಂದನೆ ಹೇಳಿಬಿಟ್ಟಾರು.

ಪುಸ್ತಕ ಸ್ವಂತ ಪ್ರಕಟಣೆಯಾಗಿದ್ದರೆ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಪುಸ್ತಕ ಖರೀದಿ ಪ್ರಕಟಣೆಯನ್ನೂ, ಚೊಚ್ಚಲ ಕೃತಿಯಾಗಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವನ್ನೂ ಗಮನಿಸುತ್ತಿರಿ. ಇಂಥ ಅರ್ಜಿಗಳಿಗೆ ಗುರುತಿನ ದಾಖಲೆ ಬೇಕು ಎಂಬುದು ನೆನಪಿರಲಿ.

11. ಪತ್ರಗಳು ಬರತೊಡಗಿದಾಗ

ಬರುತ್ತವೆ. ಬೈಗುಳವನ್ನು ಓದಬೇಡಿ, ಆದರೆ ಅಳಿಸಬೇಡಿ. ಬೆದರಿಕೆ ಇದ್ದರೆ ತಾರೀಕು ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಅಥವಾ ಹತ್ತಿರದ ಠಾಣೆಗೆ ತಿಳಿಸಿ. ಹಣ ಕೇಳಿ ಹೆದರಿಸಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟವರ ಬಳಿಗೆ ಮತ್ತೆ ಬರುತ್ತಾರೆ.

ಇನ್ನೊಂದು ಬಗೆಯ ಪತ್ರಗಳು ಹೆಚ್ಚು ಹೊತ್ತು ಬೇಡುತ್ತವೆ. ಹುಬ್ಬಳ್ಳಿಯ ವಿದ್ಯಾರ್ಥಿ, ಮದುವೆಗೆ ಒತ್ತಾಯಿಸಲ್ಪಡುತ್ತಿರುವ ಹುಡುಗಿ, ಐವತ್ತು ದಾಟಿದ ಗೃಹಸ್ಥರು, ಎಲ್ಲರೂ ನಿಮ್ಮ ಪತ್ತೇದಾರನಿಗೆ ಬರೆಯುವಂತೆ ನಿಮಗೆ ಬರೆಯುತ್ತಾರೆ. ತಡವಾದರೂ ಉತ್ತರಿಸಿ. ನಿಮ್ಮ ಖಾಸಗಿ ಸಂಖ್ಯೆ ಕೊಡಬೇಡಿ, ಭೇಟಿಗೆ ಒಪ್ಪಬೇಡಿ, ‘ಮನೆಯಲ್ಲಿ ಹೇಳಿಬಿಡು’ ಎಂದು ಸಲಹೆ ಕೊಡಬೇಡಿ. ಅವರ ಮನೆ ಎಂಥದೆಂದು ನಿಮಗೆ ಗೊತ್ತಿಲ್ಲ. ಜೀವಕ್ಕೆ ಅಪಾಯದ ಸುಳಿವಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರ ಸಂಖ್ಯೆಯನ್ನು ಕೂಡಲೇ ಕಳಿಸಿ. ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ಬರೆದವರು 18ರೊಳಗಿನವರೆಂದು ತಿಳಿದರೆ ಮಾತುಕತೆ ಮುಂದುವರಿಸದೆ, ಅವರು ನಂಬುವ ಹಿರಿಯರೊಬ್ಬರ ಬಗ್ಗೆ ಕೇಳಿ, ಮಕ್ಕಳ ಸಹಾಯವಾಣಿ 1098ರ ಬಗ್ಗೆ ತಿಳಿಸಿ. ಈ ಉತ್ತರಗಳ ಒಂದು ಮಾದರಿಯನ್ನು ಪುಸ್ತಕ ಹೊರಬರುವ ಮೊದಲೇ ಬರೆದಿಟ್ಟುಕೊಂಡಿರಿ. ಮಧ್ಯರಾತ್ರಿ ಅಂಥ ಪತ್ರ ತೆರೆದಾಗ ಹೊಸದಾಗಿ ಪದ ಹುಡುಕುವುದು ಸುಲಭವಲ್ಲ.